ಬಲಗಡೆಯಿಂದ ಬಂದ ಡಬ್ಬಿ

ಹೊರಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದಾಗಲೆಲ್ಲ ಮಗಳು ಕತ್ತು ಉದ್ದ ಮಾಡಿ, ಬಂದವರ ಮುಖ ಬಿಟ್ಟು ಕೈ ನೋಡುತ್ತಿದ್ದಳು. ಹೂವು ಹಿಡಿದ ಕೈ, ಕರವಸ್ತ್ರ ಹಿಡಿದ ಕೈ, ಏನು ಮಾಡಬೇಕೆಂದು ತೋಚದೆ ಒಂದನ್ನೊಂದು ಹಿಸುಕಿಕೊಳ್ಳುವ ಕೈ. ಡಬ್ಬಿ ಹಿಡಿದ ಕೈ ಮಾತ್ರ ಇನ್ನೂ ಬಂದಿರಲಿಲ್ಲ.

ನಡುಮನೆಯಲ್ಲಿ ಅಪ್ಪ ಮಲಗಿದ್ದ. ತಲೆಯ ಪಕ್ಕ ಕೂತ ಅಮ್ಮ, ಹೊದಿಸಿದ ಬಿಳಿ ಬಟ್ಟೆಯ ಅಂಚನ್ನು ಎಳೆದು ಎಳೆದು ನೇರ ಮಾಡುತ್ತಿದ್ದಳು. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಜೀವಮಾನವಿಡೀ ಕಾಗದದ ಅಂಚು ಕತ್ತರಿಸಿದವನು ಅಪ್ಪ. ಮನೆಯಲ್ಲೂ ಹಾಸಿಗೆಯ ಹೊದಿಕೆ ಸೊಟ್ಟಗಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಇವತ್ತು ಅದನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು.

"ಏನೇ, ಬಾಗಿಲನ್ನೇ ನುಂಗೋ ಹಾಗೆ ನೋಡ್ತಿದ್ದೀಯ?" ಸೋದರಮಾವ ಪಕ್ಕಕ್ಕೆ ಬಂದು ಮೆಲ್ಲಗೆ ಗದರಿದ. ಸಾವಿನ ಮನೆಯಲ್ಲಿ ಓಡಾಡುವ ಕೆಲಸವೆಲ್ಲ ಅವನ ತಲೆಯ ಮೇಲಿತ್ತು. "ಗಾಡಿ ಬಂದು ಕೆಳಗೆ ನಿಂತಿದೆ. ಇನ್ನು ಯಾರು ಬರಬೇಕು?"

"ಅಪ್ಪನ ಕಾರ್ಖಾನೆಯವರು ಬರಬೇಕು ಮಾವ."

"ಅವರು ನೇರವಾಗಿ ಸ್ಮಶಾನಕ್ಕೇ ಬರ್ಲಿ ಬಿಡು."

"ಬೇಡ ಮಾವ, ಇಲ್ಲಿಗೇ ಬರ್ಲಿ. ಸ್ವಲ್ಪ ತಡೀರಿ, ನಿಮ್ಮ ದಮ್ಮಯ್ಯ."

ಹುಡುಗಿಗೆ ಅಪ್ಪನೆಂದರೆ ಪ್ರಾಣ, ಕಳಿಸಿಕೊಡಲು ಮನಸ್ಸಿಲ್ಲ ಎಂದುಕೊಂಡು ಮಾವ ಅವಳ ತಲೆ ಸವರಿ ಹೋದ. ಅವಳು ಕಾಯುತ್ತಿದ್ದದ್ದು ಡಬ್ಬಿಗೆಂದು ಅವನಿಗೇನು ಗೊತ್ತು? ನಿನ್ನೆ ಬೆಳಗ್ಗೆ ಅವಳು ಎದ್ದದ್ದು ತಡವಾಗಿತ್ತು. ರಕ್ತ ಪರೀಕ್ಷೆಯ ಕೇಂದ್ರದಲ್ಲಿ ಅವಳ ಕೆಲಸ; ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಬಾಗಿಲಲ್ಲಿ ಕಾಯುತ್ತಿರುತ್ತಾರೆ. ಹಣ್ಣು ಹೆಚ್ಚಲು, ಕಾಳು ಬೇಯಿಸಲು ಹೊತ್ತಿರಲಿಲ್ಲ. ಅಂಗಡಿಯಿಂದ ಯಾರೋ ತಂದಿಟ್ಟಿದ್ದ ಪೊಟ್ಟಣ ಹರಿದು, ಉಪ್ಪು ಬೆರೆಸಿ ಹುರಿದ ಕಡಲೆಕಾಯಿ ಬೀಜವನ್ನು ಅಪ್ಪನ ತಿಂಡಿಯ ಡಬ್ಬಿಗೆ ಸುರಿದು, ಒಂದೇ ದಿನ ತಾನೇ ಎಂದುಕೊಂಡು ಓಡಿದ್ದಳು. ತಿಂಡಿಯ ಬಿಡುವು ಮುಗಿಸಿ ಯಂತ್ರದ ಹತ್ತಿರ ಹೋದ ಅಪ್ಪ ಅಲ್ಲೇ ಕುಸಿದುಬಿದ್ದಿದ್ದ.

ಹಿಡಿ ಬೀಜದಿಂದ ಯಾರೂ ಸಾಯುವುದಿಲ್ಲ ಎಂದು, ಬೇರೆ ಯಾರಾದರೂ ಕೇಳಿದ್ದರೆ ಅವಳೇ ಹೇಳಿ ಕಳಿಸುತ್ತಿದ್ದಳು. ಆಸ್ಪತ್ರೆಯಲ್ಲಿ ವೈದ್ಯರೂ ಅದನ್ನೇ ಹೇಳಿದ್ದರು: ಹಳೆಯ ಹೃದಯ, ಯಾವತ್ತಾದರೂ ನಿಲ್ಲಬಹುದಿತ್ತು. ಬುದ್ಧಿ ಒಪ್ಪಿತ್ತು. ಎದೆ ಮಾತ್ರ ಒಪ್ಪಿರಲಿಲ್ಲ. ಕಾರ್ಖಾನೆಯಲ್ಲೇ ಉಳಿದಿದ್ದ ಡಬ್ಬಿ ಬಂದು, ಅದರಲ್ಲಿ ಬೀಜ ಹಾಗೇ ಉಳಿದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಖಾಲಿಯಾಗಿದ್ದರೆ ಏನು ಮಾಡುವುದೆಂದು ಯೋಚಿಸಲೂ ಧೈರ್ಯವಿರಲಿಲ್ಲ.

* * *

ಮೊದಲ ಸಲ ಎದೆನೋವು ಬಂದು ಆಸ್ಪತ್ರೆಯಿಂದ ಮರಳಿದಾಗ, ವೈದ್ಯರ ಮಾತನ್ನು ಅಪ್ಪನಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಮಗಳು. ಉಪ್ಪು ಬಿಡಬೇಕು, ಕರಿದದ್ದು ಬಿಡಬೇಕು, ಕೆಲಸದ ನಡುವೆ ಹೊಟ್ಟೆ ಕಾಯಿಸದೆ ಸ್ವಲ್ಪ ಸ್ವಲ್ಪ ತಿನ್ನಬೇಕು. ಅವತ್ತಿನಿಂದ ತಿಂಡಿಯ ಡಬ್ಬಿ ಅಮ್ಮನ ಕೈ ಬಿಟ್ಟು ಮಗಳ ಕೈಗೆ ಬಂತು.

ಒಂದು ದಿನ ಬೇಯಿಸಿದ ಕಾಳಿಗೆ ಸೌತೆಕಾಯಿಯ ಚೂರು. ಒಂದು ದಿನ ಮೊಟ್ಟೆ, ಜೊತೆಗೆ ಕ್ಯಾರೆಟ್. ಇನ್ನೊಂದು ದಿನ ಜೋಳ, ಸೀಬೆಹಣ್ಣು. ನಿನ್ನೆ ಕೊಟ್ಟದ್ದು ಇವತ್ತು ಬರಬಾರದು. ಬಾಯಿ ಬೇಸತ್ತರೆ ಮನುಷ್ಯನ ಕಾಲು ಅಂಗಡಿಯ ಕಡೆಗೆ ಹೋಗುತ್ತದೆ ಎಂಬುದು ಅವಳ ದಿಗಿಲು.

"ಏನಮ್ಮ, ನನ್ನನ್ನ ಮೊಲ ಅಂದ್ಕೊಂಡಿದ್ದೀಯಾ?" ಅಪ್ಪ ಮುಚ್ಚಳ ತೆಗೆದು ಇಣುಕುತ್ತಿದ್ದ.

"ಮೊಲಕ್ಕೆ ಹಾರ್ಟ್ ಅಟ್ಯಾಕ್ ಆಗಲ್ಲ ಅಪ್ಪ."

"ಮೊಲಕ್ಕೆ ಮಗಳ ಕೈಲಿ ಬೈಸಿಕೊಳ್ಳೋ ಯೋಗನೂ ಇಲ್ಲ, ಪಾಪ."

ಹಾಗೆಂದರೂ ಸಂಜೆ ಡಬ್ಬಿ ಖಾಲಿಯಾಗಿಯೇ ಬರುತ್ತಿತ್ತು. ಅದನ್ನು ತೊಳೆಯುವಾಗ ಅವಳಿಗೆ ಏನೋ ಗೆದ್ದ ಖುಷಿ. ಒಂದೇ ಒಂದು ವಿಷಯ ಅವಳನ್ನು ಕಾಡುತ್ತಿತ್ತು. "ಇವತ್ತು ಜೋಳ ಚೆನ್ನಾಗಿತ್ತು ಕಣಮ್ಮ" ಎನ್ನುತ್ತಿದ್ದ ಅಪ್ಪ.

"ಜೋಳ ಕೊಟ್ಟಿದ್ದು ನಿನ್ನೆ ಅಪ್ಪ. ಇವತ್ತು ಮೊಟ್ಟೆ."

"ಹೌದಾ? ಹಾಗಾದ್ರೆ ಮೊಟ್ಟೆ ಚೆನ್ನಾಗಿತ್ತು."

ಇದು ಮತ್ತೆ ಮತ್ತೆ ಆಯಿತು. ಹೃದಯ ಸಾಲದೆಂದು ಮರೆವೂ ಶುರುವಾಯಿತೇ ಎಂದು ಅವಳಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಜ್ಞಾಪಕಶಕ್ತಿಗೆ ಒಳ್ಳೆಯದೆಂದು ಅಕ್ರೋಟು ತಂದು ಡಬ್ಬಿಗೆ ಸೇರಿಸಿದಳು. ಅಕ್ರೋಟು ಬಲು ರುಚಿ ಎಂದು ಅಪ್ಪ ಹೊಗಳಿದ್ದು ಅದರ ಮರುದಿನ.

* * *

ಕಾರ್ಖಾನೆಯವರು ಬಂದರು. ಮುಂದೆ ಅಂಟಣ್ಣ, ಪುಸ್ತಕದ ಬೆನ್ನಿಗೆ ಅಂಟು ಹಚ್ಚುವವನು. ಅವಳಿಗೆ ಚಿಕ್ಕಂದಿನಿಂದ ಅಂಟು ಮಾಮ. ಅವನ ಹಿಂದೆ ಇನ್ನಿಬ್ಬರು, ಕೊನೆಯಲ್ಲಿ ಪುಸ್ತಕದ ಹಾಳೆ ಹೊಲಿಯುವ ಯಂತ್ರದ ಹೆಂಗಸು. ಅವಳನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಅವಳು ಅಪ್ಪನ ಹತ್ತಿರಕ್ಕೂ ಹೋಗದೆ, ಗೋಡೆಗೆ ಒತ್ತಿ ಕೂತುಬಿಟ್ಟಳು. ಅಂಟಣ್ಣನ ಕೈಯಲ್ಲಿ ಚೀಲವಿತ್ತು. ಮಗಳು ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದಳು.

ಡಬ್ಬಿ ಫಳಫಳ ಹೊಳೆಯುತ್ತಿತ್ತು.

"ಯಾರು ತೊಳೆದ್ರು ಇದನ್ನ?"

"ನಾನೇ ತೊಳೆದೆ ಕಣಮ್ಮ. ಎಂಜಲು ಡಬ್ಬಿ ಹೇಗೆ ತಂದುಕೊಡೋದು?"

"ಒಳಗೆ ಏನಾದ್ರೂ ಉಳಿದಿತ್ತಾ ಮಾಮ?"

"ಏನೂ ಇರ್ಲಿಲ್ಲ. ಖಾಲಿ."

ಅವಳು ಡಬ್ಬಿಯನ್ನು ಕೆಳಗಿಟ್ಟಳು. ಒಲೆಯ ಕಟ್ಟೆ ಹಿಡಿದುಕೊಂಡು, ಉಪ್ಪಿನ ಬೀಜದ ಕತೆಯನ್ನೆಲ್ಲ ತಡವರಿಸುತ್ತ ಹೇಳಿಬಿಟ್ಟಳು. "ನಾನೇ ಮಾಮ. ನನ್ನ ಕೈಯಾರೆ ನಾನೇ..."

"ಅಯ್ಯೋ, ಬಿಡ್ತು ಅನ್ನು!" ಅಂಟಣ್ಣ ಅವಳ ರಟ್ಟೆ ಹಿಡಿದು ಅಲುಗಿಸಿದ. ಆಮೇಲೆ ಅವನ ಮುಖ ಸಣ್ಣದಾಯಿತು. "ಆ ಬೀಜ ನಿಮ್ಮಪ್ಪ ಮೂಸಿಯೂ ನೋಡಿಲ್ಲ. ತಿಂದಿದ್ದು ನಾನು."

"ನೀವಾ?"

"ನಮ್ಮಲ್ಲಿ ಯಾರೂ ತಮ್ಮ ಡಬ್ಬಿ ತಿನ್ನಲ್ಲಮ್ಮ. ಮೇಜಿನ ಸುತ್ತ ಕೂತ್ಕೋತೀವಿ, ಡಬ್ಬಿ ಎಡಕ್ಕೆ ಹೋಗುತ್ತೆ. ನನ್ನ ಡಬ್ಬಿ ನನ್ನ ಎಡಗಡೆಯವನಿಗೆ, ನಿಮ್ಮಪ್ಪನ ಡಬ್ಬಿ ನನಗೆ. ಬಹಳ ಹಿಂದೆ ಹೊಸದಾಗಿ ಸೇರಿದವರೊಬ್ಬರು ಖಾಲಿ ಡಬ್ಬಿ ತಂದು, ಗೋಡೆ ಕಡೆ ತಿರುಗಿ ತಿಂದ ಹಾಗೆ ಮಾಡ್ತಿದ್ರು. ನಿಮ್ಮಪ್ಪ ನೋಡಿಬಿಟ್ಟ. ಅವತ್ತೇ ಈ ಕಟ್ಟಳೆ ಹಾಕಿದ. ಖಾಲಿ ಡಬ್ಬಿ ಬಂದವನು ಬಾಯಿ ಮುಚ್ಕೊಂಡು ಅಕ್ಕಪಕ್ಕದ ಡಬ್ಬಿಗೆ ಕೈ ಹಾಕ್ಬೇಕು, ಅಷ್ಟೇ."

"ಎದೆನೋವು ಬಂದ ಮೇಲೂ?"

"ಹೇಳಿದ್ವಿ, ಬೇಡ ಕಣಯ್ಯ, ಮಗಳು ಕಷ್ಟಪಟ್ಟು ಮಾಡಿಕೊಡ್ತಾಳೆ, ನಿಂದು ನೀನು ತಿನ್ನು ಅಂತ. ನಾನು ಹಾಕಿದ ಕಟ್ಟಳೆ ನಾನೇ ಮುರೀಲಾ ಅಂದ. ಡಬ್ಬಿ ತೆಗೆದು ಎಲ್ಲರಿಗೂ ತೋರಿಸೋನು, 'ನೋಡ್ರಪ್ಪ, ಇವತ್ತು ನಮ್ಮ ಮೇಡಂ ಏನು ಕಳಿಸಿದಾಳೆ' ಅಂತ ಹೆಮ್ಮೆಯಿಂದ. ಆಮೇಲೆ ನನ್ನ ಕಡೆ ತಳ್ಳೋನು. ನನ್ನ ಬಿಪಿ ಹೇಗೆ ಇಳೀತು ಅಂತ ನಮ್ಮ ಡಾಕ್ಟ್ರೇ ತಲೆ ಕೆರ್ಕೊಂಡ್ರು..." ಅಂಟಣ್ಣ ನಾಲಿಗೆ ಕಚ್ಚಿಕೊಂಡ.

ಮಗಳು ಅವನ ತುಂಬಿದ ಕೆನ್ನೆಯನ್ನೇ ನೋಡಿದಳು. ಎದೆಯ ಮೇಲಿನ ಕಲ್ಲು ಇಳಿದ ಗಳಿಗೆಯಲ್ಲೇ ಮೈಯೆಲ್ಲ ಉರಿ ಹತ್ತಿತು. ತಾನು ಕತ್ತಲಲ್ಲೆದ್ದು ಹೆಚ್ಚಿದ ಹಣ್ಣು, ನೆನೆಸಿದ ಕಾಳು, ಸುಲಿದ ಮೊಟ್ಟೆ ಎಲ್ಲ ಈ ಮನುಷ್ಯನ ಹೊಟ್ಟೆಗೆ ಹೋಯಿತು. ಇವನು ಗುಂಡುಕಲ್ಲಿನ ಹಾಗೆ ನಿಂತಿದ್ದಾನೆ, ಅಪ್ಪ ನಡುಮನೆಯಲ್ಲಿ ಮಲಗಿದ್ದಾನೆ.

"ಹಾಗಾದ್ರೆ ಅಪ್ಪ ತಿಂತಿದ್ದಿದ್ದು ಯಾರ ಡಬ್ಬಿ? ನಿನ್ನೆ ಏನು ತಿಂದ?"

ಅಂಟಣ್ಣನ ಕಣ್ಣು ನಡುಮನೆಯ ಗೋಡೆಯ ಕಡೆಗೆ ಹೋಯಿತು. ಹೊಲಿಗೆಯಕ್ಕ ಇವರಿಬ್ಬರನ್ನೇ ನೋಡುತ್ತಿದ್ದವಳು ತಟ್ಟನೆ ತಲೆ ತಗ್ಗಿಸಿದಳು.

"ಇನ್ನು ತಡ ಮಾಡೋಕಾಗಲ್ಲ, ಬನ್ನಿ, ಕೈ ಹಾಕಿ" ಎಂದು ಮಾವ ಕೂಗಿದ.

* * *

ಗಾಡಿಯಲ್ಲಿ ಎರಡು ಬದಿಗೆ ಉದ್ದನೆಯ ಬೆಂಚು, ನಡುವೆ ಅಪ್ಪ. ಎದುರು ಬೆಂಚಿನ ತುದಿಯಲ್ಲಿ ಹೊಲಿಗೆಯಕ್ಕ, ಮಡಿಲಲ್ಲಿ ಅವಳ ಕೈಚೀಲ. ಕಾರ್ಖಾನೆಯವರೆಲ್ಲ ಮಣ್ಣು ಮುಗಿಸಿಕೊಂಡು ಮಧ್ಯಾಹ್ನದ ಪಾಳಿಗೆ ಹೋಗಬೇಕಾದವರು. ಎಲ್ಲರ ಚೀಲದಲ್ಲೂ ಡಬ್ಬಿ ಇತ್ತು. ಗಾಡಿ ಕುಲುಕಿದಾಗಲೆಲ್ಲ ಅವು ಲೊಟಲೊಟ ಅನ್ನುತ್ತಿದ್ದವು. ಏನು ಹಾಕಿದ್ದೆ ನಿನ್ನೆ? ಏನು ತಿನ್ನಿಸಿದೆ ನಮ್ಮಪ್ಪನಿಗೆ? ಮಗಳ ನಾಲಿಗೆಯ ತುದಿಗೆ ಬಂದ ಮಾತು ಅಮ್ಮನ ಮುಖ ನೋಡಿ ಒಳಗೇ ನಿಂತಿತು. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಅಳುಕೂ ಇತ್ತು.

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಹೊಲಿಗೆಯಕ್ಕನ ಕೈಯಿಂದ ಮಣ್ಣು ಬೀಳಲೇ ಇಲ್ಲ. ಮುಷ್ಟಿ ಬಿಚ್ಚದೆ ಹಾಗೇ ನಿಂತಿದ್ದಳು. ಯಾರೋ ಬೆನ್ನು ತಟ್ಟಿದ ಮೇಲೆ ಬೆರಳು ಸಡಿಲಿಸಿದಳು.

ಆಮೇಲೆ ಮೂಲೆಯ ನಲ್ಲಿಯ ಹತ್ತಿರ ಮಗಳು ಕೈ ತೊಳೆಯುತ್ತಿದ್ದಾಗ ಹೊಲಿಗೆಯಕ್ಕ ಬಂದು ಪಕ್ಕದಲ್ಲಿ ನಿಂತಳು.

"ನೀನು ಲ್ಯಾಬಿನಲ್ಲಿ ಕೆಲಸ ಮಾಡೋಳು. ನಿನಗೆ ಗೊತ್ತಿರುತ್ತೆ. ಒಂದು ಮಾತು ಕೇಳ್ಲಾ?"

ಮಗಳು ನಲ್ಲಿ ನಿಲ್ಲಿಸಿದಳು.

"ಆ ಖಾಲಿ ಡಬ್ಬಿ ತರ್ತಿದ್ದೋಳು ನಾನೇ. ನಿಮ್ಮಪ್ಪ ಒಂದು ದಿನಾನೂ ಅದನ್ನ ಬಾಯಿಬಿಟ್ಟು ಹೇಳ್ಲಿಲ್ಲ. ಅವರಿಗೆ ಎದೆನೋವು ಬಂದ ಮೇಲೆ, ನನ್ನ ಡಬ್ಬಿ ಅವರಿಗೆ ಹೋಗುತ್ತಲ್ಲ ಅಂತ ನನಗೆ ದಿಗಿಲು ಹತ್ತಿತು. ಏನು ಮಾಡ್ಬೇಕು ಏನು ಬಿಡ್ಬೇಕು ತಿಳೀಲಿಲ್ಲ. ನೀನು ಏನು ಕಳಿಸ್ತೀಯ ನೋಡ್ಕೊಳ್ಳೋದು, ಮಾರನೇ ದಿನ ಅದನ್ನೇ ಮಾಡ್ಕೊಂಡು ಹೋಗೋದು. ನೀನು ಜೋಳ ಕಳಿಸಿದ್ರೆ ಮಾರನೇ ದಿನ ನಾನೂ ಜೋಳ. ನೀನು ಉಪ್ಪು ಹಾಕ್ತಿರ್ಲಿಲ್ಲ, ನಾನೂ ಹಾಕ್ತಿರ್ಲಿಲ್ಲ."

ಅಪ್ಪನಿಗೆ ಮರೆವು ಇರಲಿಲ್ಲ. ಅವನು ಜೋಳ ತಿಂದ ದಿನವೇ ಜೋಳ ಚೆನ್ನಾಗಿತ್ತು ಎಂದಿದ್ದ.

"ಮೊನ್ನೆ ಮೊಮ್ಮಗಳು ಹಟ ಹಿಡಿದಳು ಅಂತ ಆಲೂಗಡ್ಡೆ ಕರಿದಿದ್ದೆ" ಹೊಲಿಗೆಯಕ್ಕನ ದನಿ ಪಿಸುಮಾತಿಗೆ ಇಳಿಯಿತು. "ಮಿಕ್ಕಿತ್ತು. ನಿನ್ನೆ ಮೈಗೆ ಹುಷಾರಿರ್ಲಿಲ್ಲ, ಅದನ್ನೇ ತುಂಬಿಕೊಂಡು ಹೋದೆ. ಒಂದೇ ದಿನ ತಾನೇ ಅಂದ್ಕೊಂಡೆ. ಅವರು ತಿಂದು, ನಕ್ಕು, 'ಮಗಳಿಗೆ ಹೇಳ್ಬೇಡ' ಅಂದ್ರು. ಎದ್ದು ಹೋದ್ರು. ನಾನೇ ಏನಾದ್ರೂ... ನಿಜ ಹೇಳು. ನಾನು ತಡ್ಕೋತೀನಿ."

ಒಂದೇ ದಿನ ತಾನೇ. ನಿನ್ನೆಯಿಂದ ತನ್ನ ತಲೆಯೊಳಗೆ ಗಿರಕಿ ಹೊಡೆಯುತ್ತಿದ್ದ ಮಾತು ಇನ್ನೊಬ್ಬಳ ಬಾಯಿಂದ ಬಂದಾಗ ಮಗಳು ಅವಳ ಕಡೆಗೆ ತಿರುಗಿದಳು. ಇಲ್ಲಕ್ಕ, ಅದರಿಂದ ಏನೂ ಆಗಿಲ್ಲ ಎನ್ನಬಹುದಿತ್ತು. ವೈದ್ಯರು ತನಗೂ ಹಾಗೇ ಹೇಳಿದ್ದರು, ಅದು ತನ್ನ ಎದೆಗೆ ಇಳಿದಿರಲಿಲ್ಲ. ಈ ಹೆಂಗಸಿಗೂ ಇಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಮನೆಗೆ ಬನ್ನಿ ಅಕ್ಕ" ಎಂದಳು.

* * *

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಬೆಳಗಿನಿಂದ ಯಾರ ಬಾಯಿಗೂ ನೀರು ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಬರಿದಾದ ನಡುಮನೆಯಲ್ಲಿ ಕಾರ್ಖಾನೆಯವರು ಸುಮ್ಮನೆ ನಿಂತಿದ್ದರು, ಹೊರಡುವುದೋ ಕೂರುವುದೋ ತಿಳಿಯದೆ.

"ನಿಮ್ಮ ಡಬ್ಬಿಗಳನ್ನ ತೆಗೀರಿ" ಎಂದಳು ಮಗಳು. "ಕೂತ್ಕೊಳ್ಳಿ. ಅಲ್ಲಿ ಹೇಗೆ ಕೂರ್ತೀರೋ ಹಾಗೆ."

ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೆಲದ ಮೇಲೆ ಸುತ್ತಾಗಿ ಕೂತರು. ಅಂಟಣ್ಣ ಮತ್ತು ಹೊಲಿಗೆಯಕ್ಕನ ನಡುವೆ ಒಂದು ಜಾಗ ಉಳಿಯಿತು. ಮಗಳು ಹೋಗಿ ಅಲ್ಲಿ ಕೂತಳು. ಡಬ್ಬಿಗಳು ಎಡಕ್ಕೆ ಸರಿದವು. ಅಪ್ಪನ ಡಬ್ಬಿ ಇಲ್ಲದ್ದರಿಂದ ಅಂಟಣ್ಣನ ಮುಂದೆ ಏನೂ ಬರಲಿಲ್ಲ. ಅವನ ಎಡಗಡೆಯವನು ತನ್ನ ಮುಂದೆ ಬಂದದ್ದನ್ನು ಇಬ್ಬರ ನಡುವೆ ಇಟ್ಟ. ಹೊಲಿಗೆಯಕ್ಕನ ಡಬ್ಬಿ ಮಾತ್ರ ಅವಳ ಮಡಿಲಲ್ಲೇ ಇತ್ತು. ಅದರ ಮುಚ್ಚಳದ ಮೇಲೆ ಅವಳ ಎರಡೂ ಕೈ.

"ನನ್ನದು ಬೇಡಮ್ಮ" ಎಂದಳು. "ನನ್ನದು ಯಾರೂ ತಿನ್ನೋದು ಬೇಡ."

"ಕೊಡಿ ಅಕ್ಕ. ನನಗೆ ಹಸಿವಾಗಿದೆ."

ಮಗಳು ಕೈ ಚಾಚಿ, ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಒಳಗೆ ಬೇಯಿಸಿದ ಆಲೂಗಡ್ಡೆ. ಎಣ್ಣೆಯ ಹನಿಯಿಲ್ಲ, ಒಗ್ಗರಣೆಯಿಲ್ಲ, ಬಿಳಿ ಬಿಳಿ ಹೋಳುಗಳು. ಒಂದನ್ನು ಬಾಯಿಗಿಟ್ಟಳು. ಹೊಲಿಗೆಯಕ್ಕ ಅವಳ ದವಡೆಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ತಾನು ಮಾಡಿ ಕಳಿಸಿದ್ದ ಯಾವುದನ್ನೂ ಮಗಳು ಬಾಯಿಗೆ ಹಾಕಿ ನೋಡಿರಲಿಲ್ಲ. ಸಪ್ಪೆ ಎಂದರೆ ಸಪ್ಪೆ. ನಾಲಿಗೆಯ ಮೇಲೆ ಹಿಟ್ಟಿನ ಹಾಗೆ ಅಂಟಿಕೊಂಡು, ಎಷ್ಟು ಅಗಿದರೂ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ಇಂಥದ್ದನ್ನೇ ಚೆನ್ನಾಗಿತ್ತು ಎನ್ನುತ್ತಿದ್ದ. ಅವಳಿಗೆ ನಗು ಬಂತು, ಅದರ ಹಿಂದೆಯೇ ನಿನ್ನೆಯಿಂದ ಬಾರದಿದ್ದ ಅಳು ಬಂತು.

"ಅಮ್ಮ, ಸ್ವಲ್ಪ ಉಪ್ಪು ಕೊಡೇ" ಎಂದಳು, ತುಂಬಿದ ಬಾಯಲ್ಲೇ.

ಅಮ್ಮ ಅಡುಗೆಮನೆಯಿಂದ ಉಪ್ಪಿನ ಭರಣಿ ತಂದು ಮಗಳ ಕಡೆ ಹಿಡಿದಳು. ಮಗಳು ಅದನ್ನು ತೆಗೆದುಕೊಳ್ಳದೆ ಬಲಗಡೆಗೆ ತೋರಿಸಿ, ಡಬ್ಬಿಯನ್ನು ಹೊಲಿಗೆಯಕ್ಕನ ಮುಂದೆ ಹಿಡಿದಳು. "ನಿಮ್ಮ ಕೈಯಿಂದಲೇ ಹಾಕಿ ಅಕ್ಕ."

ಹೊಲಿಗೆಯಕ್ಕ ಭರಣಿಯನ್ನು ನೋಡಿದಳು. ಆಮೇಲೆ ಮೂರು ಬೆರಳಿನಲ್ಲಿ ಒಂದು ಚಿಟಿಕೆ ಎತ್ತಿ ಹೋಳುಗಳ ಮೇಲೆ ಉದುರಿಸಿ, ಸಾಕಾ ಎಂಬಂತೆ ಮುಖ ನೋಡಿದಳು. ಮಗಳು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೊಲಿಗೆಯಕ್ಕ ಮತ್ತೊಮ್ಮೆ ಭರಣಿಗೆ ಕೈ ಹಾಕಿದಳು.