ಬೀಜ ತೆಗೆದ ಮೆಣಸಿನಕಾಯಿ

ಕ್ಯಾರಲ್ ಮನೆ ಬಿಟ್ಟು ಹೋಗುತ್ತಾಳೆ ಅನ್ನುವುದು ಸೋಮವ್ವನಿಗೆ ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ, ರೊಟ್ಟಿ ಬಡಿಯುವಾಗ. ಹೇಳಿದವನು ಕ್ಯಾರಲ್‌ಳ ಗಂಡ ಲಿನ್. ಅದನ್ನಾದರೂ ಹೇಗೆ ಹೇಳಿದ? ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ಸೋಮವ್ವಾರ, ಇವತ್ತ ಹತ್ತು ಖಡಕ್ ರೊಟ್ಟಿ ಜಾಸ್ತಿ ಮಾಡ್ರಿ. ಶೇಂಗಾ ಚಟ್ನಿ ಕಟ್ಟಬೇಕು. ಕ್ಯಾರಲ್ ಮಧ್ಯಾಹ್ನದ ಬೆಂಗಳೂರ ಗಾಡಿಗೆ ಹೋಗ್ತಾಳ," ಅಂದ.

"ತಿರುಗಿ ಯಾವಾಗ ಬರ್ತಾರ್ರಿ?"

"ಬರಂಗಿಲ್ಲ."

ಸಾರಿಗೆ ಉಪ್ಪು ಕಡಿಮೆಯಾಗಿದೆ ಅನ್ನುವ ದನಿಯಲ್ಲಿ ಅಂದುಬಿಟ್ಟ ಪುಣ್ಯಾತ್ಮ. ಸೋಮವ್ವನ ಕೈ ಹಿಟ್ಟಿನ ಮೇಲೇ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ಲಿನ್ ಚೀನಾದವನು. ಅಮೆರಿಕಕ್ಕೆ ಓದಲು ಹೋದವನು ಅಲ್ಲಿಯ ಹುಡುಗಿ ಕ್ಯಾರಲ್‌ಳನ್ನು ಮದುವೆಯಾಗಿ, ಎರಡು ಸಾವಿರದ ಮೂರರಲ್ಲಿ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ಬಂದು ಸೇರಿದ್ದ. ಟೊಮೆಟೊ, ಮೆಣಸಿನಕಾಯಿಯ ಹೊಸ ತಳಿ ಮಾಡುವುದು ಅವನ ಕೆಲಸ. ಚಿಮಟ ಹಿಡಿದು ಹೂವಿನೊಳಗಿನ ಕೇಸರ ಕೀಳುವ ಹೆಣ್ಣಾಳುಗಳು ಅವನನ್ನು ಮೂರೇ ದಿನದಲ್ಲಿ ಲಿಂಗಣ್ಣ ಮಾಡಿಬಿಟ್ಟಿದ್ದರು. ಕನ್ನಡವನ್ನೂ ಅವರೇ ಕಲಿಸಿದ್ದು. ಬೆಳಿಗ್ಗೆ ಹೊತ್ತು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕ್ಯಾರಲ್‌ಳ ಕನ್ನಡ ಮಾತ್ರ ನೀರು, ಅನ್ನ, ಸಾಕು, ಖಾರ ಅನ್ನುವಲ್ಲಿಗೇ ನಿಂತಿತ್ತು. ಈ ಇಬ್ಬರಿಗೂ ಮೂರು ವರ್ಷದಿಂದ ಅನ್ನ ಬೇಯಿಸಿ ಹಾಕುತ್ತಿದ್ದವಳು ಸೋಮವ್ವ. ವಯಸ್ಸಾದ, ಮಕ್ಕಳಿಲ್ಲದ ವಿಧವೆ. ಸಂಬಳಕ್ಕೆ ಬಂದವಳೇ ಹೌದು, ಆದರೆ ಈ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಜಗಳ ಆತೇನ್ರಿ ಸಾಹೇಬ್ರ?"

"ಇಲ್ಲ. ನಾನು ಆಕಿನ್ನ ಪ್ರೀತಿ ಮಾಡಂಗಿಲ್ಲಂತ. ಒಂದ ಸಲಾನೂ ಹೇಳಿಲ್ಲಂತ. ಆಕಿ ಅವ್ವ ತೀರಿಕೊಂಡ ದಿನ ನಾ ಗಂಜಿ ಮಾಡಿಕೊಟ್ಟು ಸುಮ್ನ ನಿಂತೆ. ಒಂದು ಮಾತು ಆಡಲಿಲ್ಲ, ಅಪ್ಪಿಕೊಳ್ಳಲಿಲ್ಲ ಅಂತ ಇನ್ನೂ ಅಳ್ತಾಳ."

ಗಂಜಿ ಮಾಡಿಕೊಟ್ಟನಲ್ಲ, ಇನ್ನೇನು ಮಾಡಬೇಕಿತ್ತು ಅಂತ ಸೋಮವ್ವನಿಗೆ ಮೊದಲು ಸಿಟ್ಟೇ ಬಂತು. ಆದರೆ ಕ್ಯಾರಲ್ ತನ್ನ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದಾಗಲೆಲ್ಲ ಕೊನೆಗೆ ಲವ್ ಯೂ ಅಂದೇ ಇಡುವುದನ್ನು ಅವಳು ಕೇಳಿದ್ದಳು. ನಮ್ಮಲ್ಲಿ ಊಟ ಆತೇನು ಅಂತ ಕೇಳಿದಷ್ಟು ಸಲೀಸಾಗಿ ಅವರಲ್ಲಿ ಆ ಮಾತು ಓಡಾಡುತ್ತದೆ. ಮೂರು ವರ್ಷ ಯಾರೂ ಊಟ ಆತೇನು ಅಂತ ಕೇಳದ ಮನೆಯಲ್ಲಿ ತಾನು ಬದುಕುತ್ತಿದ್ದೆನೇ? ಹುಡುಗಿ ಹೋಗಿಯೇ ಹೋಗುತ್ತಾಳೆ.

ಸೋಮವ್ವನ ಗಂಡ ಅಜ್ಜಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿಯಾಗಿದ್ದ. ಮೆಣಸಿನಕಾಯಿ ಚೀಲ ಹೊತ್ತವನ ಮೈಯೆಲ್ಲ ಘಾಟು. ಸೋಮವ್ವನಿಗೆ ಅದರಿಂದ ಕೆಮ್ಮು ಏಳುತ್ತದೆ ಅಂತ ಚಳಿಗಾಲದಲ್ಲೂ ಮಾರುಕಟ್ಟೆಯ ನಲ್ಲಿಯಲ್ಲೇ ಮೈ ತೊಳೆದು, ಬೇರೆ ಅಂಗಿ ಹಾಕಿಕೊಂಡೇ ಮನೆಗೆ ಬರುತ್ತಿದ್ದ. ಇಪ್ಪತ್ತೆರಡು ವರ್ಷ ಅವನು ಅದನ್ನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅಂಥವನ ಜೊತೆ ಬಾಳಿದವಳಿಗೆ ಲಿನ್ ಹೊಸಬ ಅನ್ನಿಸಿಯೇ ಇರಲಿಲ್ಲ.

ಯಾಕೆಂದರೆ ಲಿನ್‌ನದೂ ಅಂಥದೇ ಒಂದು ಕೆಲಸವಿತ್ತು. ಕ್ಯಾರಲ್‌ಗೆ ಶೇಂಗಾ ಚಟ್ನಿ ಅಂದರೆ ಪ್ರಾಣ, ಆದರೆ ಖಾರ ತಡೆಯದು. ಅವಳು ಶಾಲೆಗೆ ಹೋದ ಮೇಲೆ ಲಿನ್ ಹಿತ್ತಲಲ್ಲಿ ಕೂತು, ಬ್ಯಾಡಗಿಯಿಂದ ತಾನೇ ಆರಿಸಿ ತಂದ ಒಣ ಮೆಣಸಿನಕಾಯಿಗಳನ್ನು ಒಂದೊಂದಾಗಿ ಸೀಳಿ, ಹೊಲದ ಚಿಮಟದಿಂದಲೇ ಬೀಜ, ನಾರು ಎಲ್ಲ ಕೀಳುತ್ತಿದ್ದ. ಬರೀ ಬಣ್ಣದ ಸಿಪ್ಪೆ ಉಳಿಯುತ್ತಿತ್ತು. ಅದನ್ನು ಕುಟ್ಟಿ ಸೋಮವ್ವ ಚಟ್ನಿ ಮಾಡುತ್ತಿದ್ದಳು. ಲಿನ್‌ನ ಬೆರಳು ಉರಿದು ಕೆಂಪಾಗುತ್ತಿತ್ತು; ಎಣ್ಣೆ ಸವರಿಕೊಂಡು ಕಂಪನಿಗೆ ಹೋಗುತ್ತಿದ್ದ. ಮೂರು ವರ್ಷ, ಪ್ರತಿ ತಿಂಗಳೂ.

"ಸಾಹೇಬ್ರ, ಕೈ ಮುಗೀತೇನಿ," ಅಂದಳು ಸೋಮವ್ವ. "ಫೋನಿನ್ಯಾಗ ಅವರು ಹೇಳ್ತಾರಲ್ರಿ, ಆ ಮಾತು ಒಂದ ಸಲ ಹೇಳಿಬಿಡ್ರಿ. ನಿಮ್ಮ ಗಂಟೇನು ಹೋಗತೈತಿ?"

ಲಿನ್ ಸೀದ ರೊಟ್ಟಿಯನ್ನು ಹಂಚಿನಿಂದ ಎತ್ತಿ ಪಕ್ಕಕ್ಕಿಟ್ಟ. "ನಮ್ಮಪ್ಪ ನಮ್ಮವ್ವಗ ಹೇಳಿಲ್ಲ. ಅವ್ವ ಸತ್ತಾಗ ಅವ ಮೂರು ದಿನ ಉಣ್ಣಲಿಲ್ಲ. ಆ ಮಾತು ಹೇಳಿದ್ರ ಸುಳ್ಳು ಹೇಳಿದಂಗ ಆಗತೈತಿ ನನಗ."

"ಆಗಲಿ ಬಿಡ್ರಿ. ಸುಳ್ಳು ಹೇಳಿ ಸಂಸಾರ ಉಳಿಸಿಕೊಳ್ರಿ. ಹೇಳ್ತೇನಿ ಅಂತ ನನ್ನ ಕೈ ಮುಟ್ಟಿ ಹೇಳ್ರಿ."

ಹಿಟ್ಟು ಮೆತ್ತಿದ ಅವಳ ಕೈಯನ್ನು ಅವನು ಮುಟ್ಟಿದ.

ಆಮೇಲೆ ಮನೆಯಲ್ಲಿ ನಡೆದದ್ದು ಸೋಮವ್ವನ ಕಣ್ಣಿಂದ ನೋಡಲಾಗಲಿಲ್ಲ. ಲಿನ್ ಹೆಂಡತಿಯ ಪೆಟ್ಟಿಗೆ ತಾನೇ ತುಂಬಿದ. ಅಂಗಿಗಳನ್ನು ಇಸ್ತ್ರಿ ಮಾಡಿಟ್ಟ, ತಲೆನೋವಿನ ಗುಳಿಗೆ ಮೇಲಿನ ಖಾನೆಯಲ್ಲಿಟ್ಟ, ಪೆಟ್ಟಿಗೆಯ ಸಡಿಲಾದ ಗಾಲಿ ಬಿಗಿ ಮಾಡಿದ. ಕ್ಯಾರಲ್ ಗೋಡೆಗೆ ಒರಗಿ ಅದನ್ನೆಲ್ಲ ನೋಡುತ್ತ ನಿಂತಿದ್ದಳು. ಬೇಡ, ಹೋಗಬೇಡ ಅಂತ ಕೈ ಹಿಡಿಯಬೇಕಾದವನು ಪೆಟ್ಟಿಗೆ ಕಟ್ಟುತ್ತಿದ್ದಾನೆ. ಅವಳಿಗೆ ಬೇರೆ ಏನು ಅರ್ಥವಾಗಬೇಕು? ಅವಳ ಮುಖ ಗಳಿಗೆಗೆ ಗಳಿಗೆಗೆ ಕಲ್ಲಾಗುತ್ತಿತ್ತು.

ಸ್ಟೇಷನ್ನಿನಲ್ಲಿ ಗಾಡಿ ಹದಿನೈದು ನಿಮಿಷ ತಡ ಅಂದರು. ಆ ಹದಿನೈದು ನಿಮಿಷ ದೇವರೇ ಕೊಟ್ಟದ್ದು ಅಂದುಕೊಂಡಳು ಸೋಮವ್ವ. ಕಟ್ಟೆಯ ಮೇಲೆ ಮೂವರೂ ಕೂತರು. ಕ್ಯಾರಲ್ ಸುಮ್ಮನೆ ಕೈಗೆ ಕೆಲಸ ಬೇಕು ಅಂತ ಊಟದ ಡಬ್ಬಿ ಬಿಚ್ಚಿದಳು. ರೊಟ್ಟಿ ತುದಿ ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟಳು. ಅಷ್ಟೇ, ಕಣ್ಣಿಂದ ನೀರು ಇಳಿಯತೊಡಗಿತು.

"ಖಾರ ಇಲ್ಲ," ಅಂದಳು ತನ್ನ ಅರೆಕನ್ನಡದಲ್ಲಿ. "ಸೋಮವ್ವ... ಥ್ಯಾಂಕ್ಸ್." ಸೋಮವ್ವನ ಕೈ ಹಿಡಿದು ಒತ್ತಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಆ ಮುಖದಲ್ಲಿ ಕಲ್ಲು ಕರಗಿತ್ತು; ಏನೋ ಒಂದು ಸಿಕ್ಕರೆ ಸಾಕು, ಉಳಿದುಬಿಡುತ್ತೇನೆ ಅನ್ನುವಂತಿತ್ತು.

ಸೋಮವ್ವನಿಗೆ ಜೀವ ಬಂದಂತಾಯಿತು. ಇದೇ ಹೊತ್ತು ಅಂತ ಲಿನ್‌ನ ಹಿಂದೆ ಸರಿದು ಅವನ ಬೆನ್ನಿಗೆ ಬೆರಳಿನಿಂದ ತಿವಿದಳು. "ಹೇಳ್ರಿ. ಲಗೂ ಹೇಳ್ರಿ."

ಲಿನ್ ಎದ್ದು ನಿಂತ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನ ಹಾಗೆ ಕೈ ಕೆಳಗೆ ಬಿಟ್ಟುಕೊಂಡು, ಹೆಂಡತಿಯ ಮುಖ ಬಿಟ್ಟು ಹಳಿ ನೋಡುತ್ತ, "ಐ ಲವ್ ಯೂ" ಅಂದ.

ಕ್ಯಾರಲ್ ಅವನನ್ನು ನೋಡಿದಳು. ಅವನ ಬೆನ್ನ ಹಿಂದಿನ ಸೋಮವ್ವನನ್ನು, ಇನ್ನೂ ಚಾಚಿಕೊಂಡೇ ಇದ್ದ ಅವಳ ಬೆರಳನ್ನು ನೋಡಿದಳು. ಇಂಗ್ಲಿಷಿನಲ್ಲಿ ಏನೋ ಅಂದಳು, ಮೆಲ್ಲಗೆ. ಅದರಲ್ಲಿ ಸೋಮವ್ವನಿಗೆ ತಿಳಿದದ್ದು ತನ್ನ ಹೆಸರೊಂದೇ. ಡಬ್ಬಿ ಮುಚ್ಚಿದ ಸದ್ದಾಯಿತು. ಗಾಡಿ ಬಂದು ನಿಂತಿತು. ಲಿನ್ ಪೆಟ್ಟಿಗೆ ಎತ್ತಿ ಒಳಗಿಟ್ಟು, ಅದು ಜರುಗದಂತೆ ಸೀಟಿನ ಕೆಳಗೆ ಒತ್ತಿ ತಳ್ಳಿ, ಕೆಳಗಿಳಿದು ಬಂದ. ಅವಳಿಗೆಂದು ಕೊಂಡ ನೀರಿನ ಬಾಟಲಿ ಅವನ ಕೈಯಲ್ಲೇ ಉಳಿದಿತ್ತು.

ಗಾಡಿ ಅಲುಗಿದ ಮೇಲೆ, ಹೌದು, ಅಲುಗಿದ ಮೇಲೆಯೇ ಆ ಮುದುಕಿಗೆ ಹೊಳೆದದ್ದು. ಥ್ಯಾಂಕ್ಸ್ ಅಂತ ತನಗೆ ಯಾಕೆ ಅಂದಳು? ಬೀಜ ತೆಗೆದವಳು ಸೋಮವ್ವ ಅಂದುಕೊಂಡಿದ್ದಾಳೆ. ಮೂರು ವರ್ಷ ಹಾಗೇ ಅಂದುಕೊಂಡಿದ್ದಾಳೆ. ಒಂದು ದಿನವೂ ತಾನು ಹೇಳಲಿಲ್ಲ. ಹೇಳುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ. ಸೋಮವ್ವ ಸೆರಗು ಸಿಕ್ಕಿಸಿಕೊಂಡು ಓಡಿದಳು.

"ಬೀಜ ತಗದವರು ಸಾಹೇಬ್ರರಿ, ನಾ ಅಲ್ಲ. ಕಾರಲವ್ವಾರ, ಅವರ ಕೈ ಉರೀತಿತ್ತರಿ, ಆದ್ರೂ ತಗೀತಿದ್ರು."

ಕಿಟಕಿಯಲ್ಲಿ ಕ್ಯಾರಲ್‌ಳ ಮುಖ ಕಾಣಿಸಿತು. ಮುದುಕಿ ಅಳುತ್ತ ಬೀಳ್ಕೊಡುತ್ತಿದ್ದಾಳೆ ಅಂತ ಅವಳೂ ಅತ್ತು ಕೈ ಬೀಸಿದಳು. ಪ್ಲಾಟ್‌ಫಾರ್ಮು ಮುಗಿಯುವ ತನಕ ಬೀಸುತ್ತಲೇ ಇದ್ದಳು.

ಲಿನ್ ನಡೆದು ಬಂದು ಪಕ್ಕ ನಿಂತ. "ಏನ ಒದರಿದ್ರಿ?"

ಸೋಮವ್ವ ಏದುಸಿರು ಬಿಡುತ್ತ ಹೇಳಿದಳು. ಅವನ ಮುಖದಲ್ಲಿ ಮೊದಲ ಸಲ ಬಣ್ಣ ಬದಲಾಯಿತು.

"ಆಕಿಗೆ ಗೊತ್ತಿರಲಿಲ್ಲೇನು?" ಅಂದ. "ಗೊತ್ತೈತಿ ಅಂತ ತಿಳಕೊಂಡಿದ್ದೆ. ಎಲ್ಲಾ ಗೊತ್ತಿದ್ದೂ ಹೋಗಾಕತ್ತಾಳ ಅಂತ ನಾ ಸುಮ್ನಿದ್ದೆ."

"ಫೋನ್ ಮಾಡ್ರಿ ಸಾಹೇಬ್ರ. ಬೆಂಗಳೂರಿಗೆ ಮುಟ್ಟಿದ ಕೂಡ್ಲೆ ಮಾಡ್ರಿ. ನಾನೂ ಹೇಳ್ತೇನಿ, ಆಣಿ ಮಾಡಿ ಹೇಳ್ತೇನಿ."

ಲಿನ್ ತಲೆ ಅಲ್ಲಾಡಿಸಿದ. "ಇನ್ನ ಏನು ಹೇಳಿದ್ರೂ, ಅದನ್ನೂ ಸೋಮವ್ವಾನ ಕಲಿಸ್ಯಾಳ ಅಂತಾಳ."

ಸೋಮವ್ವ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ.

"ಕುಡೀರಿ," ಅಂದ. "ಮುಂಜಾನಿಂದ ಏನೂ ತಿಂದಿಲ್ಲ ನೀವು."