ಗೀಟು ಬಿದ್ದ ಹತ್ತು ಸಾಲು

ಸಂಜೆ ನಾಲ್ಕೂಮುಕ್ಕಾಲಿಗೆ, ಮೂರನೆಯ ಅಂಕದ ನಡುವೆ, ರಂಗದ ಮೇಲೆ ಮಾತು ನಿಂತುಹೋಯಿತು. 1671ರ ನವೆಂಬರ್, ಗುರುವಾರ. ಲಂಡನ್ನಿನಲ್ಲಿ ಹೊಸ ನಾಟಕದ ಮೊದಲ ಆಟ. ಗಂಡನ ಪಾತ್ರ ಮಾಡುತ್ತಿದ್ದ ಕಂಪನಿಯ ಯಜಮಾನ ಟನ್‌ಸ್ಟೆಡ್ ತನ್ನ ಮಾತು ಮುಗಿಸಿ ಬಾಗಿಲ ಕಡೆ ನೋಡುತ್ತಿದ್ದ. ಹೆಂಡತಿ ಬರಲಿಲ್ಲ.

"ಓಡಿಹೋದ್ಳು ಕಣಯ್ಯಾ! ಜಾಣೆ!" ಎಂದು ಮುಂದಿನ ಬೆಂಚಿನಿಂದ ಯಾರೋ ಕೂಗಿದ. ಸಭೆ ಗೊಳ್ಳೆಂದಿತು.

ಪಕ್ಕದ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದ ಜೊಸಾಯಸ್ ಥ್ರಿಪ್, ಅಲ್ಲೇ ನಿಂತಿದ್ದ ಹೆಂಡತಿ ಪಾತ್ರದ ಡಾರ್ಕಸ್‌ಳ ಕಡೆ ತಿರುಗಿದ. "ಹೋಗಮ್ಮ, ಹೋಗು!"

"ನಾನು ಕಾಯ್ತಿರೋ ಮಾತು ಬಂದೇ ಇಲ್ವಲ್ಲ, ಥ್ರಿಪ್ ಅವ್ರೇ?"

ಅವನು ಅವಳನ್ನು ರಂಗಕ್ಕೆ ತಳ್ಳಿಯೇ ಬಿಟ್ಟ. ತಪ್ಪು ಎಲ್ಲಿ ಆಯಿತೆಂದು ಅವನಿಗೆ ಹೊಳೆದದ್ದೂ ಆಗಲೇ.

ನಟರಿಗೆ ಇಡೀ ನಾಟಕ ಕೊಡುವ ರೂಢಿ ಕಂಪನಿಯಲ್ಲಿರಲಿಲ್ಲ. ಒಬ್ಬೊಬ್ಬರಿಗೂ ಅವರವರ ಮಾತು, ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ಮೂರು ಪದ, ಅಷ್ಟೇ. ಆ ಹಾಳೆಗಳನ್ನು ಬರೆಯುತ್ತಿದ್ದವನು ಥ್ರಿಪ್. ನಾಟಕಗಳನ್ನು ಓದಿ ಒಪ್ಪಿಗೆ ಕೊಡುವ ಪರವಾನಗಿ ಕಚೇರಿಗೆ ಹೋಗಿದ್ದ ಪುಸ್ತಕ ವಾಪಸು ಬಂದದ್ದು ಅಂದು ಬೆಳಿಗ್ಗೆ ಹನ್ನೊಂದಕ್ಕೆ. ಗಂಡ ದೇವರ ಹೆಸರೆತ್ತಿ ಬೈಯುವ ಹತ್ತು ಸಾಲಿಗೆ, ಆಡಕೂಡದೆಂದು, ಗೀಟು ಬಿದ್ದಿತ್ತು. ಥ್ರಿಪ್ ಅವನ್ನು ಟನ್‌ಸ್ಟೆಡ್‌ನ ಹಾಳೆಯಲ್ಲಿ ಹೊಡೆದುಹಾಕಿದ. ಡಾರ್ಕಸ್ ರಂಗಕ್ಕೆ ಬರಬೇಕಾದದ್ದು ಆ ಸಾಲುಗಳ ಕೊನೆಯ ಪದಗಳನ್ನು ಕೇಳಿ. ಅವಳ ಹಾಳೆಯನ್ನು ತಿದ್ದುವುದು ಮರೆತುಹೋಗಿತ್ತು.

ಆಟ ಮುಗಿದ ಮೇಲೆ ರೂಢಿಯಂತೆ ಹಾಳೆಗಳೆಲ್ಲ ಥ್ರಿಪ್‌ನ ಕೈಗೆ ಬಂದವು. ಬಣ್ಣದ ಕೋಣೆಯಲ್ಲಿ ಟನ್‌ಸ್ಟೆಡ್ ಸುಳ್ಳುಕೂದಲಿನ ಟೋಪಿ ಕಿತ್ತು ಬೆಂಚಿನ ಮೇಲೆ ಎಸೆದು ಡಾರ್ಕಸ್‌ಳ ಕಡೆ ತಿರುಗಿದ.

"ನಿದ್ದೆ ಚೆನ್ನಾಗಿ ಬಂತೇನಮ್ಮಾ? ನಾಳೆಯಿಂದ ನಿನ್ನ ಪಾತ್ರ ಪ್ರಿಸಿಲ್ಲಾಗೆ."

"ನಾನು ಕಾಯ್ತಿದ್ದ ಮಾತು ಬರ್ಲೇ ಇಲ್ಲ ಯಜಮಾನ್ರೆ, ಆಣೆಗೂ."

"ತಡವಾಗಿ ಬರೋರೆಲ್ಲ ಹೇಳೋದು ಇದನ್ನೇ. ಏನಯ್ಯ ಥ್ರಿಪ್, ಇವಳ ಹಾಳೆ ತಿದ್ದಿದ್ಯೋ ಇಲ್ವೋ?"

ಡಾರ್ಕಸ್‌ಗೆ ಇದು ಮೊದಲ ದೊಡ್ಡ ಪಾತ್ರ. ಥ್ರಿಪ್‌ಗೆ ಹನ್ನೊಂದು ವರ್ಷದ ಕೆಲಸ. ಹೋದ ತಿಂಗಳು ಅರಮನೆ ಬೇಕಾದಲ್ಲಿ ಕಾಡಿನ ಪರದೆ ಎಳೆಸಿದ್ದಕ್ಕೆ, ಇನ್ನೊಂದು ತಪ್ಪಾದರೆ ಬಾಗಿಲು ಅಲ್ಲಿದೆ ಎಂದು ಟನ್‌ಸ್ಟೆಡ್ ಎಲ್ಲರೆದುರೇ ಹೇಳಿದ್ದ. ತಿದ್ದಿದ್ದೆ ಅಂದರೆ ಸಾಕು, ತಪ್ಪು ಅವಳದಾಗುತ್ತದೆ. ರಾತ್ರಿ ಹಾಳೆ ತಿದ್ದಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಡಾರ್ಕಸ್ ಅವನನ್ನು ನೋಡಲಿಲ್ಲ. ಕೆನ್ನೆಯ ಬಣ್ಣ ಒರೆಸಿಕೊಳ್ಳುತ್ತಿದ್ದಳು.

ಥ್ರಿಪ್ ಕಟ್ಟಿನೊಳಗಿಂದ ಅವಳ ಹಾಳೆ ತೆಗೆದು ಯಜಮಾನನ ಮುಂದೆ ಹಿಡಿದ. "ತಿದ್ದಿಲ್ಲ. ನೀವು ಆಡದೇ ಇರೋ ಮಾತಿಗೆ ಕಾಯ್ತಾ ನಿಂತಿತ್ತು ಪಾಪ ಹುಡುಗಿ. ತಪ್ಪು ನಂದು."

ಟನ್‌ಸ್ಟೆಡ್ ಹಾಳೆಯನ್ನು ಎರಡು ಸಲ ಓದಿದ.

"ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನಯ್ಯ ನಿಂಗೆ?"

"ಹನ್ನೊಂದು ವರ್ಷದಿಂದ ಬೇರೆಯವರಿಗೆ ಮಾತು ಎತ್ತಿಕೊಡೋದೇ ಕೆಲಸ ಆಗಿತ್ತಲ್ಲ," ಎಂದು ಥ್ರಿಪ್ ಪುಸ್ತಕವನ್ನು ಮೇಜಿನ ಮೇಲಿಟ್ಟ.

ಶುಕ್ರವಾರ ಮೂರೂವರೆಗೆ ಆಟ ಮತ್ತೆ ಶುರುವಾಯಿತು. ಮೂರನೆಯ ಅಂಕದಲ್ಲಿ ಡಾರ್ಕಸ್ ಸರಿಯಾದ ಸಮಯಕ್ಕೆ ರಂಗಕ್ಕೆ ಬಂದಳು. ಮರೆಯಲ್ಲಿ ಪುಸ್ತಕ ಹಿಡಿದಿದ್ದವನು ಟನ್‌ಸ್ಟೆಡ್‌ನ ಸೋದರಳಿಯ.