ಹಿಟ್ಟಿನ ಹುಲಿ ಬೀಗರ ಮನೆಗೆ ಹೋಗಿದ್ದು

ಮಾನ್‌ಸಾಂಗ್‌ಗೆ ಮಗಳನ್ನ ಹೊಗಳೋದು ಒಂದು ಚಟ. ಕೆಲವರಿಗೆ ಹೊಗೆಸೊಪ್ಪು, ಇವನಿಗೆ ಇದು. ಸಣ್ಣ ಮಗಳು ಮಾಯ್‌ಶಿಯಾ, ಮೂಗು ಒರೆಸ್ಕೊಳ್ಳೋಕೂ ಬಾರದ ವಯಸ್ಸಲ್ಲಿ ಅಮ್ಮನ ಪಕ್ಕ ಕೂತು ಗೋಧಿಹಿಟ್ಟಲ್ಲಿ ಒಂದು ಮೊಲ ಮಾಡಿದ್ಲು. ಹಬೇಲಿ ಬೆಂದು ಆಚೆ ಬಂದಾಗ ಅದು ಯಾವನದೋ ಹಳೇ ಬೂಟಿನ ಥರ ಇತ್ತು. ಕಂಡೋರೆಲ್ಲ ನಕ್ಕರು. ಇವನು ಮಾತ್ರ ಟ್ರ್ಯಾಕ್ಟರ್ ರಿಪೇರಿ ಬಿಟ್ಟು ಎದ್ದು ಬಂದು, ಗ್ರೀಸ್ ಕೈಯಲ್ಲೇ ಎತ್ತಿ ನೋಡಿ, ಓಡ್ತಿರೋ ಮೊಲ ಕಣ್ರೋ ಇದು, ಅದಕ್ಕೇ ಕಿವಿ ಹಿಂದಕ್ಕೆ ಮಲಗಿದೆ ಅಂದ. ಅಂದಿದ್ದಲ್ಲದೆ ಗ್ರೀಸ್ ಸಮೇತ ತಿಂದ. ಆಮೇಲೆ ಹಿಟ್ಟಲ್ಲೇ ಮೀನು ಮಾಡಿದ್ಲು, ಕೋಳಿ ಮಾಡಿದ್ಲು. ಎಲ್ಲಾದಕ್ಕೂ ಇವನ ಬಾಯಲ್ಲಿ ಒಂದೊಂದು ಮಾತು ರೆಡಿ. ಸುಳ್ಳೋ ನಿಜವೋ, ಹುಡುಗಿ ಮಾತ್ರ ಹಿಟ್ಟು ಬಿಡಲಿಲ್ಲ.

ಹೀಗೇ ಕೆಲವು ವರ್ಷ ಕಳೆದ ಮೇಲೆ ದೊಡ್ಡ ಮಗಳು ಲಾನ್‌ಝಿಗೆ ಗಂಡು ಮಗು ಆಯ್ತು. ಹಳದಿ ನದಿ ಕಡೆಯ ಆ ಊರುಗಳಲ್ಲಿ, ಮಗೂಗೆ ತಿಂಗಳು ತುಂಬಿದ ದಿನ ತವರಿನವರು ಹಿಟ್ಟಿನ ಹುಲಿ ಹೊತ್ಕೊಂಡು ಹೋಗಲೇಬೇಕು. ಬುಟ್ಟಿ ತುಂಬೋಷ್ಟು ದೊಡ್ಡ ಹುಲಿ. ಹೋಗದಿದ್ರೆ ಮಗಳು ಆ ಮನೇಲಿ ತಲೆ ಎತ್ತೋ ಹಾಗಿಲ್ಲ. ಹುಲಿ ಮಾಡೋದ್ರಲ್ಲಿ ಇವನ ಹೆಂಡ್ತಿ ರೊಂಗ್‌ಮೇಯ್ ಎತ್ತಿದ ಕೈ. ಅದೇ ಕೈ ಆ ವಾರ ಹಬೆಗೆ ಸಿಕ್ಕಿ ಬೊಬ್ಬೆ ಬಂದು ಕೂತಿತ್ತು. ಪಕ್ಕದ ಮನೆಯವಳ ಹತ್ರ ಮಾಡಿಸೋಣ ಅಂದ್ಲು ರೊಂಗ್‌ಮೇಯ್. ಯಾಕೆ, ಮನೇಲೇ ಕೈಯಿದೆಯಲ್ಲ ಅಂದ ಇವನು. ಬೀಗರ ಮುಂದೆ ಮಕ್ಕಳಾಟ ಇಟ್ಟು ನಗೆಪಾಟಲು ಆಗೋದು ನಾನು, ನೀನಲ್ಲ ಅಂತ ಅವಳು ಮುಖ ತಿರುಗಿಸಿದ್ಲು.

ಅಷ್ಟರಲ್ಲಿ ಮಾಯ್‌ಶಿಯಾ ತೋಳು ಮಡಚಿ ಹಿಟ್ಟು ನಾದ್ತಾ ಇದ್ಲು.

ಹುಲಿ ಆಯ್ತು. ಕಪ್ಪು ಅವರೆಕಾಳಿನ ಕಣ್ಣು, ಕತ್ತರೀಲಿ ಕತ್ತರಿಸಿದ ಮೀಸೆ, ಹಣೆ ಮೇಲೆ ಕೆಂಪು ಹೂವು. ಬಾಯಿ ಸ್ವಲ್ಪ ನಗ್ತಾ ಇತ್ತು. ಮಾನ್‌ಸಾಂಗ್ ಅದರ ಸುತ್ತ ನಾಯಿಮರಿ ಥರ ಸುತ್ತಿದ. ರೊಂಗ್‌ಮೇಯ್ ಬುಟ್ಟಿಗೆ ಕೆಂಪು ಬಟ್ಟೆ ಮುಚ್ಚಿ, ಗಂಡನಿಗೆ ಪಾಠ ಹೇಳಿದ್ಲು: ಬೀಗ್ತಿ ಹೊಗಳಿದ ತಕ್ಷಣ, ಅಯ್ಯೋ ಏನೂ ಇಲ್ಲ, ಕೆಟ್ಟದಾಗಿದೆ, ನೋಡೋ ಹಾಗಿಲ್ಲ ಅನ್ನಬೇಕು. ಅದೇನು ಹೊಸದಲ್ಲ. ಅಲ್ಲಿ ಯಾರೂ ತಾವು ತಂದ ಉಡುಗೊರೇನ ಚೆನ್ನಾಗಿದೆ ಅನ್ನಲ್ಲ, ಅಂದ್ರೆ ಹುಚ್ಚ ಅಂತಾರೆ. ಇವನೂ ಇಷ್ಟು ವರ್ಷ ಹೆಂಡ್ತಿ ಮಾಡಿದ ಹುಲಿಗಳನ್ನೆಲ್ಲ ಹಾಗೇ ಬೈಕೊಂಡು ಕೊಟ್ಟವನು.

ಟ್ರ್ಯಾಕ್ಟರ್ ಹೊರಟಿತು. ಬುಟ್ಟಿ ತೊಡೆ ಮೇಲೆ ಇಟ್ಕೊಂಡ ಮಾಯ್‌ಶಿಯಾ ಕೇಳಿದ್ಲು.

"ಅಪ್ಪಾ, ಅಲ್ಲಿ ಕೆಟ್ಟದಾಗಿದೆ ಅಂತೀಯಾ?"

"ಎಲ್ಲಾರೂ ಹಾಗೇ ಅಂತಾರೆ ಮಗಾ. ಅದು ಬರೀ ಬಾಯಿಮಾತು."

"ಮನೇಲಿ ಹೇಳಿದ್ದು?"

ಮಾನ್‌ಸಾಂಗ್ ಇಂಜಿನ್ ಸದ್ದು ಜಾಸ್ತಿ ಅನ್ನೋ ಹಾಗೆ ಕಿವಿ ಕೆರೆದುಕೊಂಡ. ಹುಡುಗಿ ಮತ್ತೆ ಕೇಳಲಿಲ್ಲ, ಅದೇ ಅವನಿಗೆ ಕಷ್ಟ ಆಗಿದ್ದು. ಇಷ್ಟು ವರ್ಷ ಹೇಳಿದ್ದೂ ಬಾಯಿಮಾತು ಅಂತ ಅವಳ ತಲೇಲಿ ಒಂದ್ಸಲ ಕೂತರೆ ಕೂತಂಗೇ, ಆಮೇಲೆ ಯಾವ ಸ್ಪ್ಯಾನರ್ ಹಾಕಿದ್ರೂ ಬಿಚ್ಚಲ್ಲ.

ಬೀಗರ ಮನೆ ತುಂಬಾ ಜನ. ಬೀಗ್ತಿ ಶುವೆ ಗಟ್ಟಿ ಹೆಂಗಸು, ಗಟ್ಟಿ ಗಂಟಲು. ಯಾಕೆ ಇಷ್ಟೆಲ್ಲ ತಂದ್ರಿ, ವಾಪಸ್ ತಗೊಂಡ್ಹೋಗಿ ಅಂತ ಬುಟ್ಟೀನ ತಳ್ಳಿದ್ಲು. ರೊಂಗ್‌ಮೇಯ್ ಒಳಗೆ ತಳ್ಳಿದ್ಲು. ಇಬ್ಬರೂ ಜಗಳಕ್ಕೆ ಬಿದ್ದವರ ಹಾಗೆ ಹೊಸಿಲ ಮೇಲೆ ಎಳೆದಾಡಿದ್ರು. ಪದ್ಧತಿ ಪ್ರಕಾರ ಶುವೆ ಸೋತು, ಬುಟ್ಟಿ ಮೇಜಿಗೆ ಹೋಯ್ತು. ಬಟ್ಟೆ ಎತ್ತಿದ್ಲು. ಸರಿಯಾಗಿ ನೋಡದೇನೇ, ಆಹಾ ಎಂಥಾ ಹುಲಿ, ಇಂಥದ್ದು ಕಂಡೇ ಇಲ್ಲ ಅಂದ್ಲು.

ಈಗ ಮಾನ್‌ಸಾಂಗ್ ಸರದಿ. ಬಾಯಿ ತೆರೆದ. ಮಗಳು ಬುಟ್ಟಿ ಕಡೆ ನೋಡ್ತಿರಲಿಲ್ಲ, ಇವನ ಬಾಯಿ ನೋಡ್ತಿದ್ಲು.

"ಹೌದು," ಅಂದ. "ಚೆನ್ನಾಗಿದೆ. ನನ್ನ ಸಣ್ಣ ಮಗಳು ಮಾಡಿದ್ದು."

ಸೂರ್ಯಕಾಂತಿ ಬೀಜ ಕಡೀತಿದ್ದ ಬಾಯಿಗಳೆಲ್ಲ ನಿಂತವು. ರೊಂಗ್‌ಮೇಯ್ ಅವನ ಕಾಲು ತುಳಿದ್ಲು. ತುಳಿದಷ್ಟೂ ಅವನ ಬಾಯಿ ಮುಂದಕ್ಕೇ ಹೋಯ್ತು.

"ಎಡಗಿವಿ ಸ್ವಲ್ಪ ವಾಲಿದೆ. ಅದೊಂದು ಸರಿಯಿಲ್ಲ. ಮಿಕ್ಕಿದ್ದೆಲ್ಲ ಚೆನ್ನಾಗಿದೆ."

ಶುವೆಗೆ ಪೀಕಲಾಟ ಆಯ್ತು. ಅವನು ಕೆಟ್ಟದು ಅಂದಿದ್ರೆ ಇವಳು ಇಲ್ಲ ಇಲ್ಲ ಅನ್ನಬೇಕಿತ್ತು, ಆ ಮಾತು ನಾಲಿಗೆ ತುದೀಲಿ ಕಾಯ್ತಾ ಇತ್ತು. ಈಗ ಅನ್ನೋಕೆ ಏನೂ ಇಲ್ಲ. ಬೇರೆ ದಾರಿ ಕಾಣದೆ ಬಗ್ಗಿ ಹುಲೀನ ನಿಜವಾಗ್ಲೂ ನೋಡಿದ್ಲು. ತಿರುಗಿಸಿ ಹಿಂದಿನಿಂದಲೂ ನೋಡಿದ್ಲು.

"ಕಿವಿ ಇರಲಿ ಬಿಡಿ ಬೀಗ್ರೇ. ಬಾಲ ದಪ್ಪ ಆಯ್ತು."

ಬಾಲ ದಪ್ಪ ಅಲ್ಲ, ಕಾಲು ಗಿಡ್ಡ ಅಂದ್ಲು ಯಾವಳೋ ಅತ್ತಿಗೆ. ಮೀಸೆ ನೋಡ್ರೇ, ಒಂದೊಂದು ಎಳೆಯೂ ಬೇರೆ ಬೇರೆ ಅಂದ್ಲು ಇನ್ನೊಬ್ಬಳು. ಹೆಂಗಸರೆಲ್ಲ ಮೇಜಿಗೆ ಮುತ್ತಿದ್ರು. ಬೆಣ್ಣೆ ಹಚ್ಚಿ ಹೊಗಳಿ ಮೂಲೇಲಿ ಇಡಬೇಕಾದ ಹುಲೀನ ಕೂಸಿನ ಹಾಗೆ ಎತ್ತಾಡಿದ್ರು. ತೊಟ್ಟಿಲಲ್ಲಿದ್ದ ನಿಜವಾದ ಕೂಸಿನ ನೆನಪು ಯಾರಿಗೂ ಇರಲಿಲ್ಲ. ಲಾನ್‌ಝಿ ನಗು ತಡೆಯೋಕಾಗದೆ ಗೋಡೆ ಕಡೆ ತಿರುಗಿದ್ಲು.

ಗುಂಪಿನ ನಡುವೆ ಮಾಯ್‌ಶಿಯಾ ಧ್ವನಿ ಕೇಳಿಸ್ತು. "ಬಾಲ ತೆಳ್ಳಗೆ ಮಾಡಿದ್ರೆ ಹಬೇಲಿ ಸೀಳುತ್ತೆ ಅತ್ತೆ. ಅದಕ್ಕೇ ದಪ್ಪ."

ಶುವೆ ಅವಳನ್ನ ಮೇಲಿಂದ ಕೆಳಗೆ ಅಳೆದ್ಲು. ಚಳಿಗಾಲಕ್ಕೆ ನನ್ನ ಕಿರೀ ಮಗನ ಮದುವೆ, ಅದಕ್ಕೂ ಹಿಟ್ಟಿನ ಗೊಂಬೆಗಳು ಬೇಕು, ಬಂದು ಮಾಡ್ತೀಯೇನೇ ಅಂದ್ಲು.

ಇಂಥಾ ಕಡೆ ಹುಡುಗಿ ಆದವಳು, ಅಯ್ಯೋ ನಂಗೇನು ಬರುತ್ತೆ ಅಂತ ತಲೆ ಅಡ್ಡಡ್ಡ ಆಡಿಸಬೇಕು. ಮೂರು ಸಲ ಆದ್ರೂ ಬೇಡ ಅನ್ನಬೇಕು. ರೊಂಗ್‌ಮೇಯ್ ಅದನ್ನ ಹೇಳಿಕೊಡೋಕೆ ಅಂತ ಮಗಳ ಅಂಗಿ ಜಗ್ಗೋದಕ್ಕೂ ಪುರುಸೊತ್ತು ಆಗಲಿಲ್ಲ.

"ಬರ್ತೀನಿ," ಅಂದ್ಲು ಮಾಯ್‌ಶಿಯಾ. "ಚೆನ್ನಾಗೇ ಮಾಡ್ತೀನಿ."

ರೊಂಗ್‌ಮೇಯ್ ಒಂದ್ಸಲ ಗಂಡನ್ನ ನೋಡಿದ್ಲು, ಒಂದ್ಸಲ ಮಗಳನ್ನ. ಮನೇಲಿ ಹುಚ್ಚ ಒಬ್ಬನೇ ಅಂದುಕೊಂಡಿದ್ಲು ಪಾಪ.